ಒಂದು ಕಿಟಕಿ, ನಾಲ್ಕು ಬಲ್ಬು, ಒಂದು ಕರಿ ಕಂಬಳಿ: ಕಡಿಮೆ ದುಡ್ಡಿನ ಕಿರುಚಿತ್ರಕ್ಕೆ ಬೆಳಕು ಮತ್ತು ಎಕ್ಸ್‌ಪೋಷರ್

ಕಿರುಚಿತ್ರ ಮಾಡಲು ಹೊರಟವರು ಮೊದಲು ಕೇಳುವುದು ಯಾವ ಲೈಟ್ ಕೊಳ್ಳಬೇಕು ಎಂದು. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮನೆಯೊಳಗೆ ತೆಗೆದ ದೃಶ್ಯ ಸಪ್ಪೆಯಾಗಿ ಕಾಣಲು ಕಾರಣ ಹೆಚ್ಚಿನ ಸಲ ಬೇಡದ ಬೆಳಕು. ತಲೆಯ ಮೇಲೊಂದು ಟ್ಯೂಬ್‌ಲೈಟು, ಅಡುಗೆಮನೆಯಿಂದ ಬರುವ ಬೇರೆ ಬಣ್ಣದ ಬೆಳಕು, ಎಲ್ಲವನ್ನೂ ಎಲ್ಲ ಕಡೆಗೂ ಚದುರಿಸುವ ನಾಲ್ಕು ಬಿಳಿ ಗೋಡೆಗಳು. ಇಷ್ಟು ಸೇರಿದರೆ ಮುಖದ ಮೇಲೆ ನೆರಳೇ ಉಳಿಯುವುದಿಲ್ಲ. ನೆರಳಿಲ್ಲದ ಮುಖಕ್ಕೆ ಪರದೆಯ ಮೇಲೆ ಆಕಾರ ಬರುವುದಿಲ್ಲ.

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ: ಮೊದಲು ಬೇಡದ ಬೆಳಕನ್ನು ತೆಗೆಯಿರಿ, ಆಮೇಲೆ ಮುಖಕ್ಕೆ ಎಷ್ಟು ಬೆಳಕು ಬೇಕೆಂದು ತೀರ್ಮಾನಿಸಿ ಎಕ್ಸ್‌ಪೋಷರ್ (ಚಿತ್ರ ಎಷ್ಟು ಬೆಳಗಿ ದಾಖಲಾಗಬೇಕು ಎಂಬ ಹೊಂದಿಕೆ) ಲಾಕ್ ಮಾಡಿ, ಕೊನೆಗೆ ಉಳಿದದ್ದನ್ನೆಲ್ಲ ಮುಖಕ್ಕೆ ಹೊಂದಿಸಿ. ಉದಾಹರಣೆಗೆ ಒಂದು ಸಾಮಾನ್ಯ ಮನೆಯ ನಡುಮನೆಯನ್ನು ಇಟ್ಟುಕೊಳ್ಳೋಣ. ಒಂದು ಕಿಟಕಿ, ಒಂದು ಮೇಜು, ಎದುರುಬದುರು ಕೂತ ತಾಯಿ ಮತ್ತು ಮಗ. ಅದೇ ಕೋಣೆಯಲ್ಲಿ ಒಂದು ಹಗಲಿನ ದೃಶ್ಯ, ಒಂದು ರಾತ್ರಿಯ ದೃಶ್ಯ. ನಂತರ ಅಂಗಳದಲ್ಲಿ ಒಂದು. ಕ್ಯಾಮೆರಾ ಫೋನಾದರೂ ಸರಿ, 50 ಎಂಎಂ ಎಫ್ 1.8 ಲೆನ್ಸ್ ಇರುವ ಸಾಧಾರಣ ಮಿರರ್‌ಲೆಸ್ ಆದರೂ ಸರಿ.

ಚೀಲದಲ್ಲಿ ಏನಿರಬೇಕು

ಥರ್ಮಾಕೋಲ್ ಶೀಟು ಎರಡು. ಸಾಮಾನ್ಯವಾಗಿ ಸಿಗುವುದು ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ್ದು. ಒಂದು ಇಂಚು ದಪ್ಪದ್ದೇ ತನ್ನಿ. ತೆಳುವಾದದ್ದು ಗಾಳಿಗೆ ಬಾಗಿ ಮಧ್ಯಾಹ್ನದೊಳಗೆ ಮುರಿದಿರುತ್ತದೆ. ಎರಡನ್ನೂ ಉದ್ದದ ಅಂಚಿಗೆ ಟೇಪು ಹಾಕಿ ಜೋಡಿಸಿ, ಇಂಗ್ಲಿಷಿನ ವಿ ಆಕಾರದಲ್ಲಿ ತೆರೆದಿಟ್ಟರೆ ಹಿಡಿಯಲು ಜನ ಬೇಕಿಲ್ಲ, ತಾನೇ ನಿಲ್ಲುತ್ತದೆ. ದೊಡ್ಡ ಬಜೆಟ್ಟಿನ ಸೆಟ್ಟುಗಳಲ್ಲೂ ಲೈಟ್‌ಬಾಯ್‌ಗಳ ಕೈಯಲ್ಲಿ ಇರುವುದು ಇದೇ ಥರ್ಮಾಕೋಲು, ಆದ್ದರಿಂದ ಇದನ್ನು ಬಡವರ ಉಪಾಯ ಎಂದು ತಿಳಿಯಬೇಡಿ.

ಬಿಳಿ ಪಂಚೆ ಎರಡು. ಬಣ್ಣದ ಅಂಚು ಅಥವಾ ಜರಿ ಇದ್ದರೆ ಅದನ್ನು ಒಳಕ್ಕೆ ಮಡಚಿ ಕ್ಲಿಪ್ ಹಾಕಿ, ಇಲ್ಲದಿದ್ದರೆ ಆ ಬಣ್ಣ ಕೆನ್ನೆಯ ಮೇಲೆ ಬೀಳುತ್ತದೆ. ನೀಲಿ ಹಾಕಿ ಒಗೆದ ಹೊಸ ಪಂಚೆಗಿಂತ ಬರೀ ನೀರಿನಲ್ಲಿ ನಾಲ್ಕಾರು ಸಲ ಜಾಲಿಸಿದ ಹಳೆಯದು ಒಳ್ಳೆಯದು. ನೀಲಿ ಹಾಕಿದ ಬಟ್ಟೆಯಿಂದ ದಾಟಿ ಬಂದ ಬೆಳಕು ಮುಖವನ್ನು ಪೇಲವ ಮಾಡುತ್ತದೆ.

ಕರಿ ಕಂಬಳಿ ಒಂದು. ಕುರಿ ಉಣ್ಣೆಯ ಒರಟು ಕಂಬಳಿಗೆ ಹೊಳಪಿಲ್ಲ, ಬಿದ್ದ ಬೆಳಕನ್ನು ನುಂಗುತ್ತದೆ. ಕಂಬಳಿ ಇಲ್ಲದಿದ್ದರೆ ಹೊಳಪಿಲ್ಲದ ಕಪ್ಪು ಹತ್ತಿ ಬಟ್ಟೆ ಆದೀತು. ಕಪ್ಪು ಸ್ಯಾಟಿನ್ ಆಗದು.

ಬಲ್ಬುಗಳು: 9 ವಾಟಿನ ವಾರ್ಮ್ ವೈಟ್ ಎಲ್‌ಇಡಿ ನಾಲ್ಕು, 12 ವಾಟಿನ ಕೂಲ್ ಡೇಲೈಟ್ ಎರಡು. ವಾರ್ಮ್ ನಾಲ್ಕೂ ಒಂದೇ ಕಂಪನಿಯ ಒಂದೇ ಮಾದರಿಯವು ಆಗಿರಲಿ. ಎರಡು ಕಂಪನಿಗಳ ವಾರ್ಮ್ ವೈಟ್ ಕಣ್ಣಿಗೆ ಒಂದೇ ಎನಿಸಿದರೂ ಕ್ಯಾಮೆರಾದಲ್ಲಿ ಒಂದು ಹಸಿರಿಗೆ, ಇನ್ನೊಂದು ಗುಲಾಬಿಗೆ ವಾಲಿರುತ್ತದೆ. ಡಬ್ಬಿಯ ಮೇಲೆ ಸಿಆರ್‌ಐ (ಬಲ್ಬು ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ) ಎಂದು ಬರೆದಿದ್ದರೆ 90ಕ್ಕಿಂತ ಹೆಚ್ಚಿನದನ್ನು ಹುಡುಕಿ. 80ರ ಬಲ್ಬಿನಲ್ಲಿ ಕೆಂಪು ಕಡಿಮೆ, ಮೈಬಣ್ಣ ಸತ್ತಂತೆ ಕಾಣುತ್ತದೆ.

ಇವಲ್ಲದೆ ವೈರ್ ಸಮೇತ ಹೋಲ್ಡರುಗಳು, ಬಟ್ಟೆ ಕ್ಲಿಪ್ಪುಗಳು, ಟ್ರೇಸಿಂಗ್ ಪೇಪರ್, ಪೇಪರ್ ಟೇಪು, ಹಗ್ಗ, ನಾಲ್ಕು ಬಿಳಿ ಹಾಳೆ, ದೀಪಾವಳಿಗೆ ತಂದ ಬಿಳಿ ಆಕಾಶಬುಟ್ಟಿ ಇದ್ದರೆ ಅದು. ದುಡ್ಡು ಕೊಟ್ಟು ಕೊಳ್ಳಲೇಬೇಕಾದ ಕ್ಯಾಮೆರಾ ವಸ್ತು ಒಂದೇ, ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು. ಅದರ ಲೆಕ್ಕ ಮುಂದೆ ಬರುತ್ತದೆ.

ಕ್ಯಾಮೆರಾವನ್ನು ಮೊದಲು ಕಟ್ಟಿಹಾಕಿ

ಆಟೋ ಎಂಬುದೆಲ್ಲ ಆಫ್ ಆಗಬೇಕು. ಎಕ್ಸ್‌ಪೋಷರ್ ಆಟೋದಲ್ಲಿದ್ದರೆ ಬಿಳಿ ಸೀರೆಯವರು ಫ್ರೇಮಿನೊಳಗೆ ಬಂದ ಕೂಡಲೇ ಇಡೀ ಚಿತ್ರ ಕಪ್ಪಾಗುತ್ತದೆ, ಹೊರಗೆ ಹೋದ ಕೂಡಲೇ ಬೆಳಗುತ್ತದೆ. ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ಬಣ್ಣದ ಹೊಂದಿಕೆ) ಆಟೋದಲ್ಲಿದ್ದರೆ ಒಂದೇ ಶಾಟಿನ ನಡುವೆ ಗೋಡೆಯ ಬಣ್ಣ ಬದಲಾಗುತ್ತದೆ, ಎಡಿಟಿಂಗಿನಲ್ಲಿ ಅದನ್ನು ಸರಿಮಾಡುವುದು ದೊಡ್ಡ ಹಿಂಸೆ. ಫೋನಿನಲ್ಲಿ ಇದೆಲ್ಲ ಕೈಗೆ ಸಿಗಬೇಕೆಂದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಇದೆ. ಐಫೋನಿಗೆ 2023ರಲ್ಲಿ, ಆಂಡ್ರಾಯ್ಡಿಗೆ 2024ರಲ್ಲಿ ಬಂತು. ನಿಮ್ಮ ಫೋನಿಗೆ ಅದು ಸಿಗದಿದ್ದರೆ ಮಾಮೂಲಿ ಕ್ಯಾಮೆರಾದಲ್ಲೇ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ.

ಫ್ರೇಮ್ ರೇಟ್ 25, ಅಂದರೆ ಸೆಕೆಂಡಿಗೆ 25 ಚಿತ್ರ. ಶಟರ್ 1/50, ಅಂದರೆ ಪ್ರತಿ ಚಿತ್ರಕ್ಕೂ ಬೆಳಕು ಬೀಳುವ ಹೊತ್ತು ಸೆಕೆಂಡಿನ ಐವತ್ತನೇ ಒಂದು ಭಾಗ. ನಮ್ಮ ಕರೆಂಟು 50 ಹರ್ಟ್ಸ್‌ನದು, ಅಂದರೆ ಅದರ ಮೇಲೆ ಉರಿಯುವ ಬಲ್ಬು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ 1/50 ಇದ್ದಾಗ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಏರಿಳಿತ, 1/100 ಇದ್ದಾಗ ಒಂದು. ಎಲ್ಲ ಫ್ರೇಮಿಗೂ ಸಮಪಾಲು. 1/60 ಇಟ್ಟರೆ ಪಾಲು ತಪ್ಪಿ, ಚಿತ್ರದ ಮೇಲೆ ನಸುಗಪ್ಪು ಪಟ್ಟಿಗಳು ಹರಿದಾಡುತ್ತವೆ. ಅಮೆರಿಕದ 60 ಹರ್ಟ್ಸ್ ಕರೆಂಟಿನಲ್ಲಿ ಮಾಡಿದ ಯೂಟ್ಯೂಬ್ ಪಾಠ ನೋಡಿ 30 ಫ್ರೇಮ್, 1/60 ಇಡುವವರಿಗೆ ಈ ಪಟ್ಟಿಗಳು ತಪ್ಪಿದ್ದಲ್ಲ. 24 ಫ್ರೇಮೇ ಬೇಕೆಂದರೂ ಶಟರ್ 1/50ರಲ್ಲೇ ಇರಲಿ. ಸ್ಲೋ ಮೋಷನ್ನಿಗೆ 50 ಫ್ರೇಮ್, 1/100. ಮನೆಯ ಬಲ್ಬಿನಡಿ 120 ಫ್ರೇಮಿಗೆ ಹೋಗಬೇಡಿ. ಅದನ್ನು ಬಿಸಿಲಿಗೆ ಇಟ್ಟುಕೊಳ್ಳಿ.

ಬಲ್ಬು ಕೊಂಡ ಮೇಲೆ ಒಂದು ಪರೀಕ್ಷೆ ಮಾಡಿ. ಅದೊಂದನ್ನೇ ಉರಿಸಿ, ಶಟರನ್ನು 1/1000ಕ್ಕೆ ಏರಿಸಿ, ಅದು ಬೆಳಗಿದ ಬಿಳಿ ಗೋಡೆಯನ್ನು ಕ್ಯಾಮೆರಾದಲ್ಲಿ ನೋಡಿ. ದಟ್ಟ ಕಪ್ಪು ಪಟ್ಟಿಗಳು ಕಂಡರೆ ಆ ಬಲ್ಬಿನ ಡ್ರೈವರ್ (ಒಳಗೆ ಕರೆಂಟನ್ನು ಹದಮಾಡುವ ಭಾಗ) ಕಳಪೆ, ಮನೆ ಬಳಕೆಗೆ ಇಟ್ಟುಕೊಳ್ಳಿ. ಗೋಡೆ ಹೆಚ್ಚುಕಡಿಮೆ ಸಮನಾಗಿ ಕಂಡರೆ ಶೂಟಿಂಗಿಗೆ ಯೋಗ್ಯ. ಚಿತ್ರೀಕರಣದ ನಡುವೆ ಕರೆಂಟು ಹೋಗಿ ಇನ್ವರ್ಟರ್ ಮೇಲೆ ಬಂದಾಗ ಮತ್ತೊಮ್ಮೆ ಪರೀಕ್ಷಿಸಿ. ಕೆಲವು ಬಲ್ಬು ಅಲ್ಲಿ ಬೇರೆ ರೀತಿ ಮಿಟುಕುತ್ತವೆ.

ಶಟರ್ ಹೀಗೆ ಗಟ್ಟಿಯಾದ ಮೇಲೆ ಎಕ್ಸ್‌ಪೋಷರ್ ಹೊಂದಿಸಲು ಉಳಿಯುವುದು ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ), ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) ಮತ್ತು ಬೆಳಕು. ಎಫ್ 2, 2.8, 4, 5.6, 8, 11, 16: ಇದರಲ್ಲಿ ಒಂದೊಂದು ಹೆಜ್ಜೆ ಮುಂದಿಟ್ಟಾಗಲೂ ಒಳಬರುವ ಬೆಳಕು ಅರ್ಧವಾಗುತ್ತದೆ, ಅದಕ್ಕೇ ಒಂದು ಸ್ಟಾಪ್ ಎನ್ನುವುದು. ಐಎಸ್‌ಒ 400ರಿಂದ 800ಕ್ಕೆ ಹೋದರೆ ಒಂದು ಸ್ಟಾಪ್ ಹೆಚ್ಚು. ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ ಬದಲಾಗುವುದಿಲ್ಲ, ಆದ್ದರಿಂದ ಅಲ್ಲಿ ಐಎಸ್‌ಒ ಮತ್ತು ಬೆಳಕು ಎರಡೇ.

ಬಿಳಿ ಹಾಳೆಯೇ ಮೀಟರು

ಲೈಟ್ ಮೀಟರ್ ಇಲ್ಲದೆ ಎಕ್ಸ್‌ಪೋಷರ್ ಅಳೆಯಲು ಪ್ರಿಂಟರಿನ ಬಿಳಿ ಹಾಳೆ ಸಾಕು. ಕ್ಯಾಮೆರಾದಲ್ಲಿ ಜೀಬ್ರಾ (ಹೊಳಪು ಮಿತಿಗೆ ಬಂದಲ್ಲಿ ಗೆರೆ ತೋರಿಸುವ ಸೆಟ್ಟಿಂಗ್) ಆನ್ ಮಾಡಿ ಶೇಕಡಾ 95ಕ್ಕೆ ಇಡಿ. ಚಿತ್ರದ ಯಾವ ಭಾಗ ಸುಟ್ಟು ಬಿಳಿಯಾಗುವ ಹಂತಕ್ಕೆ ಬಂದಿದೆಯೋ ಅಲ್ಲಿ ಗೆರೆಗಳು ಮೂಡುತ್ತವೆ. ಆಮೇಲೆ:

1. ನಟಿ ಕೂರುವ ಜಾಗದಲ್ಲೇ, ಅವರ ಕೆನ್ನೆಯ ಪಕ್ಕ, ಮುಖ್ಯ ಬೆಳಕಿಗೆ ಎದುರಾಗಿ ಹಾಳೆ ಹಿಡಿಸಿ.
2. ಹಾಳೆಯ ಮೇಲೆ ಗೆರೆ ಮೂಡುವವರೆಗೆ ಐಎಸ್‌ಒ ಏರಿಸಿ ಅಥವಾ ಅಪರ್ಚರ್ ಹೆಚ್ಚು ತೆರೆಯಿರಿ.
3. ಗೆರೆ ಮಾಯವಾಗುವಷ್ಟು, ಅಂದರೆ ಮೂರನೇ ಒಂದು ಸ್ಟಾಪಿನಿಂದ ಅರ್ಧ ಸ್ಟಾಪಿನಷ್ಟು ಇಳಿಸಿ. ಅಲ್ಲಿಗೇ ಲಾಕ್.

ಬಿಳಿ ಹಾಳೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಿರುಗಿಸುತ್ತದೆ. ಅದು ಸುಡದೆ ಅಂಚಿನಲ್ಲಿ ನಿಂತಿದೆ ಎಂದರೆ ಅದಕ್ಕಿಂತ ಕಪ್ಪಾದ ಮುಖ, ಕೂದಲು, ಸೀರೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಚರ್ಮಕ್ಕೆ ಜೀಬ್ರಾ 70 ಇಡಿ ಎಂದು ಹಲವು ಕಡೆ ಓದಿರುತ್ತೀರಿ. ಅದು ಬಿಳಿಯರ ಚರ್ಮದ ಲೆಕ್ಕ. ನಮ್ಮ ಗೋಧಿ ಬಣ್ಣದ, ಎಣ್ಣೆಗಪ್ಪಿನ ಮುಖಗಳನ್ನು 70ಕ್ಕೆ ಏರಿಸಿದರೆ ಬಣ್ಣ ತೆಳುವಾಗಿ, ಹಿಂದಿನ ಗೋಡೆ ಸುಟ್ಟುಹೋಗುತ್ತದೆ. ಬೆಳಕು ಬಿದ್ದ ಕೆನ್ನೆ 45ರಿಂದ 60ರೊಳಗೆ ಇದ್ದರೆ ಸಹಜ.

ಕಪ್ಪು ಮೈಬಣ್ಣದ ನಟರಿಗೆ ಇನ್ನಷ್ಟು ಬೆಳಕು ಸುರಿಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಆ ಚರ್ಮದ ಚೆಲುವು ಬೆಳಕಿನ ಪ್ರಮಾಣದಲ್ಲಿ ಇಲ್ಲ, ಅದರ ಮೇಲೆ ಮೂಡುವ ಹೊಳಪಿನಲ್ಲಿದೆ. ಥರ್ಮಾಕೋಲನ್ನೋ ಬೆಳಕು ದಾಟಿಸುವ ಪಂಚೆಯನ್ನೋ ಪಕ್ಕದಿಂದ ಹತ್ತಿರ ತಂದರೆ ಕೆನ್ನೆಮೂಳೆ, ಮೂಗು, ದವಡೆಯ ಉದ್ದಕ್ಕೂ ಮೃದುವಾದ ಹೊಳಪು ಹರಿದು ಮುಖ ತಾನೇ ಆಕಾರ ಪಡೆಯುತ್ತದೆ. ಪೌಡರ್ ಬಳಿದು ಆ ಹೊಳಪನ್ನು ಕೊಲ್ಲಬೇಡಿ. ಬೆವರನ್ನಷ್ಟೇ ಟಿಶ್ಯೂವಿನಿಂದ ಒತ್ತಿ ತೆಗೆಯಿರಿ.

ಬಟ್ಟೆಯದ್ದೂ ಒಂದು ಮಾತು. ಹಾಲು ಬಿಳಿಯ ಅಂಗಿ, ಕಪ್ಪು ಮುಖ, ಅಗ್ಗದ ಕ್ಯಾಮೆರಾ ಮೂರೂ ಸೇರಿದರೆ ಅಂಗಿ ಸುಡುತ್ತದೆ ಇಲ್ಲವೇ ಮುಖ ಮುಳುಗುತ್ತದೆ. ಅಂಗಿಯನ್ನು ತೆಳುವಾದ ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ. ಪರದೆಯ ಮೇಲೆ ಅದು ಬಿಳಿಯಾಗಿಯೇ ಕಾಣುತ್ತದೆ, ಸುಡುವುದಿಲ್ಲ.

ಹಗಲು: ಕಿಟಕಿಯನ್ನು ಬಳಸುವುದು

ಚಿತ್ರೀಕರಣದ ಹಿಂದಿನ ದಿನ, ದೃಶ್ಯ ತೆಗೆಯುವ ಹೊತ್ತಿಗೇ ಆ ಕೋಣೆಗೆ ಹೋಗಿ. ಎಲ್ಲ ಸ್ವಿಚ್ಚು ಆಫ್ ಮಾಡಿ, ಬೇರೆ ಕೋಣೆಗಳ ಬಾಗಿಲು ಮುಚ್ಚಿ, ಕಿಟಕಿಯ ಬೆಳಕೊಂದನ್ನೇ ಬಿಡಿ. ಮೊದಲಿಗೆ ಕತ್ತಲೆ ಎನಿಸುತ್ತದೆ. ಕಣ್ಣು ಒಗ್ಗಿದ ಮೇಲೆ ಯಾರನ್ನಾದರೂ ಕಿಟಕಿಯ ಹತ್ತಿರ ನಿಲ್ಲಿಸಿ ನಿಧಾನವಾಗಿ ಒಂದು ಸುತ್ತು ತಿರುಗಲು ಹೇಳಿ, ಮುಖದ ಮೇಲೆ ನೆರಳು ಹೇಗೆ ಸರಿಯುತ್ತದೆ ನೋಡಿ. ಬೆಳಕು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಗೊತ್ತಿಲ್ಲ.

ಮೇಜನ್ನು ಕಿಟಕಿಯಿಂದ ಮೂರು ನಾಲ್ಕು ಅಡಿ ದೂರಕ್ಕೆ ಎಳೆಯಿರಿ. ಕಿಟಕಿ ತಾಯಿ-ಮಗ ಇಬ್ಬರಿಗೂ ಪಕ್ಕದಲ್ಲಿ ಬರುವಂತೆ ಕೂರಿಸಿ, ಹಿಂದೆ ಗೋಡೆಯವರೆಗೆ ಐದಾರು ಅಡಿ ಖಾಲಿ ಇರಲಿ. ಈಗ ಮುಖ್ಯವಾದ ತೀರ್ಮಾನ: ಕ್ಯಾಮೆರಾ ಎಲ್ಲಿ? ಹೊಸಬರು ಕಿಟಕಿಗೆ ಬೆನ್ನು ಮಾಡಿ ಕ್ಯಾಮೆರಾ ಇಡುತ್ತಾರೆ, ಬೆಳಕೆಲ್ಲ ಎದುರಿನಿಂದ ಬಿದ್ದು ಮುಖ ಚಪ್ಪಟೆಯಾಗುತ್ತದೆ. ಕ್ಯಾಮೆರಾವನ್ನು ಕಿಟಕಿಯ ಎದುರು ಬದಿಗೆ, ಮುಖದ ನೆರಳಿನ ಕಡೆಗೆ ತನ್ನಿ. ಆಗ ಹತ್ತಿರದ ಕೆನ್ನೆ ನೆರಳಲ್ಲಿ, ದೂರದ ಕೆನ್ನೆ ಬೆಳಕಲ್ಲಿ. ಮೂಗಿನ ಗೆರೆ, ಹಣೆಯ ತಿರುವು ಎಲ್ಲ ಎದ್ದು ಬರುತ್ತವೆ. ಒಂದು ರೂಪಾಯಿ ಖರ್ಚಿಲ್ಲದೆ ಚಿತ್ರದ ದರ್ಜೆ ಏರುವುದು ಇಲ್ಲಿಯೇ.

ನೆರಳು ಎಷ್ಟು ಗಾಢವಿರಬೇಕು ಎಂಬುದು ಕಥೆಗೆ ಬಿಟ್ಟದ್ದು, ಅಳತೆ ಮಾತ್ರ ನಿಮ್ಮ ಕೈಯಲ್ಲಿ. ಹಾಳೆಯನ್ನು ಕಿಟಕಿಗೆ ಎದುರಾಗಿ ಹಿಡಿದಾಗ ಗೆರೆ ಮೂಡಿದ ಐಎಸ್‌ಒ 400 ಎನ್ನೋಣ. ಈಗ ಹಾಳೆಯನ್ನು ನೆರಳಿನ ಕೆನ್ನೆಯ ಕಡೆಗೆ ತಿರುಗಿಸಿ, ಮತ್ತೆ ಗೆರೆ ಮೂಡುವವರೆಗೆ ಐಎಸ್‌ಒ ಏರಿಸಿ. 800ಕ್ಕೆ ಮೂಡಿದರೆ ಒಂದು ಸ್ಟಾಪ್ ವ್ಯತ್ಯಾಸ, 1600ಕ್ಕೆ ಎರಡು, 3200ಕ್ಕೆ ಮೂರು. ತಾಯಿ ಮಗನಿಗೆ ಊಟ ಬಡಿಸುವ ಸಾಮಾನ್ಯ ದೃಶ್ಯಕ್ಕೆ ಒಂದರಿಂದ ಒಂದೂವರೆ ಸ್ಟಾಪ್ ಸಾಕು. ಮಗ ಮನೆ ಬಿಟ್ಟು ಹೋಗುತ್ತೇನೆ ಎನ್ನುವ ದೃಶ್ಯಕ್ಕೆ ಎರಡೂವರೆ, ಮೂರು. ಅಳೆದ ಮೇಲೆ ಐಎಸ್‌ಒವನ್ನು ಮೊದಲು ಲಾಕ್ ಮಾಡಿದಲ್ಲಿಗೆ ವಾಪಸ್ ತನ್ನಿ.

ವ್ಯತ್ಯಾಸ ಹೆಚ್ಚಾಯಿತೆಂದರೆ ನೆರಳಿನ ಕಡೆ ಥರ್ಮಾಕೋಲ್ ನಿಲ್ಲಿಸಿ; ಎರಡಡಿ ಹತ್ತಿರಕ್ಕೆ ತಂದಷ್ಟೂ ನೆರಳು ತುಂಬುತ್ತದೆ, ಹಿಂದೆ ಸರಿಸಿದಷ್ಟೂ ಗಾಢವಾಗುತ್ತದೆ. ಕಡಿಮೆಯಾಯಿತೆಂದರೆ, ಬಿಳಿ ಗೋಡೆಯ ಚಿಕ್ಕ ಕೋಣೆಗಳಲ್ಲಿ ಹೆಚ್ಚಾಗಿ ಆಗುವುದು ಇದೇ, ಅದೇ ಜಾಗದಲ್ಲಿ ಕರಿ ಕಂಬಳಿ ತೂಗುಹಾಕಿ. ಗೋಡೆಯಿಂದ ಚಿಮ್ಮಿ ಬರುತ್ತಿದ್ದ ಬೆಳಕನ್ನು ಕಂಬಳಿ ತಡೆಯುತ್ತದೆ, ಕೆನ್ನೆಯ ನೆರಳು ನಿಮ್ಮ ಕಣ್ಣೆದುರೇ ಇಳಿಯುತ್ತದೆ. ಅಗ್ಗದ ಚಿತ್ರಕ್ಕೂ ಕಸುಬುದಾರರ ಚಿತ್ರಕ್ಕೂ ಕಣ್ಣಿಗೆ ಹೊಡೆಯುವ ವ್ಯತ್ಯಾಸ ಬಹುಪಾಲು ಈ ಕಂಬಳಿಯ ಕೆಲಸದ್ದು.

ಕಿಟಕಿಯಲ್ಲಿ ನೇರ ಬಿಸಿಲಿದ್ದರೆ ಹೊರಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ಕಿಟಕಿಯಿಂದ ಒಂದೆರಡು ಅಡಿ ಬಿಟ್ಟು ಪಂಚೆಯನ್ನು ಒಂದೇ ಪದರವಾಗಿ ಹರಡಿ. ಬಿಸಿಲು ಪಂಚೆಯ ಮೇಲೆ ಬಿದ್ದು, ಪಂಚೆ ಇಡಿಯಾಗಿ ಬೆಳಗಿ, ಒಳಗೆ ಮೃದು ಬೆಳಕು ಬರುತ್ತದೆ. ಒಂದು ಸ್ಟಾಪಿನ ಆಸುಪಾಸು ಬೆಳಕು ಕಡಿಮೆಯಾಗುತ್ತದೆ, ದಪ್ಪ ಬಟ್ಟೆಯಾದರೆ ಇನ್ನೂ ಹೆಚ್ಚು. ಕೆಳ ಅಂಚಿಗೆ ಇಟ್ಟಿಗೆಯನ್ನೋ ನೀರು ತುಂಬಿದ ಕ್ಯಾನನ್ನೋ ಕಟ್ಟಿ. ಗಾಳಿಗೆ ಪಂಚೆ ಅಲ್ಲಾಡಿದರೆ ಮುಖದ ಬೆಳಕು ಏರಿಳಿಯುತ್ತದೆ, ಮಾನಿಟರಿನಲ್ಲಿ ಗೊತ್ತಾಗದು, ಎಡಿಟಿಂಗಿಗೆ ಕೂತಾಗ ಗೊತ್ತಾಗುತ್ತದೆ.

ಕಿಟಕಿಯೇ ಫ್ರೇಮಿನಲ್ಲಿ ಬಂದರೆ ಅದು ಸುಟ್ಟ ಬಿಳಿ ಚೌಕವಾಗುತ್ತದೆ. ಹೊರಗಿನ ಗೋಡೆ ನೆರಳಲ್ಲಿರುವ ಹೊತ್ತನ್ನು ಆರಿಸಿಕೊಳ್ಳುವುದು ಮೊದಲ ಉಪಾಯ. ಸೊಳ್ಳೆ ಜಾಲರಿ ಇದ್ದರೆ ತೆಗೆಯಬೇಡಿ, ಹೊರಗಿನ ಬೆಳಕನ್ನು ಸ್ವಲ್ಪ ತಗ್ಗಿಸುತ್ತದೆ. ಆದರೆ ಎರಡು ಪದರ ಹಾಕಿದರೆ ಜಾಲರಿಗಳ ಗೆರೆ ಒಂದಕ್ಕೊಂದು ಸೇರಿ ಅಲೆಯಂಥ ವಿಚಿತ್ರ ವಿನ್ಯಾಸ ಮೂಡುತ್ತದೆ. ಇನ್ನೊಂದು ಉಪಾಯ ಒಳಗಿನ ಬೆಳಕನ್ನು ಏರಿಸುವುದು, ಅದಕ್ಕೆ ಕನ್ನಡಿಯಷ್ಟು ಅಗ್ಗದ, ಬಲವಾದ ದೀಪ ಇಲ್ಲ.

ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಹೆಸರಾಂತ ಬೆಳಕಿನ ಕೋಲನ್ನು ಮಾಡಿದ್ದು ದೊಡ್ಡ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಗೆ ತಿರುಗಿಸಿ. ನಿಮಗೆ ಅಷ್ಟು ದೊಡ್ಡದು ಬೇಡ. ಎರಡಡಿಗೆ ಮೂರಡಿಯ ಕನ್ನಡಿಯನ್ನು ಅಂಗಳದ ಬಿಸಿಲಿನಲ್ಲಿ ಕುರ್ಚಿಗೆ ಆನಿಸಿ, ಬೆಳಕನ್ನು ಕಿಟಕಿಯ ಮೂಲಕ ಕೋಣೆಯ ಬಿಳಿ ಚಾವಣಿಗೋ ಒಳಗೆ ನಿಲ್ಲಿಸಿದ ಥರ್ಮಾಕೋಲಿಗೋ ಹೊಡೆಯಿರಿ. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಕನ್ನಡಿಯಿಂದ 20 ಅಡಿ ದೂರದಲ್ಲಿ ಅದು ಸುಮಾರು ನಾಲ್ಕು ಇಂಚು. ಆದ್ದರಿಂದ ಪ್ರತಿ ಟೇಕಿಗೂ ಮೊದಲು ಕನ್ನಡಿ ಸರಿಪಡಿಸಲು ಒಬ್ಬರನ್ನು ನೇಮಿಸಿ. ಕನ್ನಡಿಯ ಬೆಳಕು ನಟರ ಕಣ್ಣಿಗೂ ಬೀಳಬಾರದು, ರಸ್ತೆಯಲ್ಲಿ ಗಾಡಿ ಓಡಿಸುವವರ ಕಣ್ಣಿಗೂ ಬೀಳಬಾರದು.

ಹಂಚಿನ ಮನೆ ಸಿಕ್ಕಿದರೆ ಗಾಜಿನ ಹಂಚನ್ನು ಹುಡುಕಿ. ಅದರಿಂದ ಇಳಿಯುವ ಬಿಸಿಲಕೋಲು ಸುಂದರ, ಆದರೆ ಹತ್ತಡಿ ಎತ್ತರದಿಂದ ನೆಲಕ್ಕೆ ಬಿದ್ದ ಆ ಬಿಸಿಲು ನಾಲ್ಕು ನಿಮಿಷಕ್ಕೆ ಎರಡು ಇಂಚು ಸರಿದಿರುತ್ತದೆ. ಬಿಸಿಲು ಕಾಣುವ ವೈಡ್ ಶಾಟನ್ನು ಮೊದಲು ಮುಗಿಸಿ. ಕ್ಲೋಸ್ ಅಪ್‌ಗಳಿಗೆ ಆಮೇಲೆ ಥರ್ಮಾಕೋಲಿನಿಂದ ಅದೇ ಬೆಳಕು ಹುಟ್ಟಿಸಬಹುದು, ವೈಡಿಗೆ ಹುಟ್ಟಿಸಲಾಗದು. ಈ ಕ್ರಮ ಹೊರಾಂಗಣಕ್ಕೂ ಅನ್ವಯ.

ರಾತ್ರಿ: ದೂರವೇ ಡಿಮ್ಮರು

ಅದೇ ಕೋಣೆ, ರಾತ್ರಿ. ಟ್ಯೂಬ್‌ಲೈಟು ಆಫೇ ಇರಲಿ. ಈ ಕೋಣೆಗೆ ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡುಗರು ನಂಬಬೇಕು? ಮೇಜಿನ ಮೇಲೆ ಒಂದು ಲ್ಯಾಂಪು ಎನ್ನೋಣ. ಫ್ರೇಮಿನಲ್ಲಿ ಕಾಣುವ ಆ ಲ್ಯಾಂಪಿನಲ್ಲಿ ಚಿಕ್ಕ ಬಲ್ಬು ಹಾಕಿ, 3 ವಾಟಿನದು ಸಾಕು, ಕ್ಯಾಮೆರಾ ಕಡೆಯ ಶೇಡಿನೊಳಗೆ ಟ್ರೇಸಿಂಗ್ ಪೇಪರ್ ಅಂಟಿಸಿ. ಅದು ತೋರಿಕೆಗೆ. ಮುಖವನ್ನು ನಿಜವಾಗಿ ಬೆಳಗುವುದು ಫ್ರೇಮಿನ ಹೊರಗೆ, ಲ್ಯಾಂಪು ಇರುವ ದಿಕ್ಕಿನಲ್ಲೇ, ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ ಕಟ್ಟಿದ 9 ವಾಟಿನ ವಾರ್ಮ್ ಬಲ್ಬು. ಅದರ ಮುಂದೆ ಒಂದಡಿ ಬಿಟ್ಟು ಟ್ರೇಸಿಂಗ್ ಪೇಪರ್ ಹಾಳೆ ತೂಗಲಿ. ಬಿಳಿ ಆಕಾಶಬುಟ್ಟಿ ಇದ್ದರೆ ಅದರೊಳಗೇ ಬಲ್ಬು ಇಟ್ಟು ತೂಗುಹಾಕಿ, ಗೋಡೆಯ ಕಡೆಗೆ ಕಪ್ಪು ಬಟ್ಟೆ ಸುತ್ತಿ. ಗೋಡೆ ಕತ್ತಲಲ್ಲಿ ಉಳಿದರೆ ಮಾತ್ರ ರಾತ್ರಿ.

ಹೆಚ್ಚುಕಡಿಮೆ ಒಂದು ಅಂದಾಜು: 9 ವಾಟಿನ ಎಲ್‌ಇಡಿ ನಾಲ್ಕಡಿ ದೂರದಲ್ಲಿದ್ದರೆ ಎಫ್ 2, ಶಟರ್ 1/50, ಐಎಸ್‌ಒ 800ರ ಸುತ್ತಮುತ್ತ ಮುಖಕ್ಕೆ ಸರಿಯಾದ ಎಕ್ಸ್‌ಪೋಷರ್ ಸಿಗುತ್ತದೆ. ಟ್ರೇಸಿಂಗ್ ಪೇಪರ್ ಹಾಕಿದ ಮೇಲೆ 1600ರ ಹತ್ತಿರ. ಫೋನಿಗೆ ಅದು ಹೆಚ್ಚೆನಿಸಿದರೆ ಇನ್ನೊಂದು ಬಲ್ಬನ್ನು ಅದರ ಪಕ್ಕದಲ್ಲೇ ಸೇರಿಸಿ, ಒಂದು ಸ್ಟಾಪ್ ಉಳಿಯಿತು.

ಬೆಳಕು ಕಡಿಮೆ ಮಾಡಲು ಫ್ಯಾನ್ ರೆಗ್ಯುಲೇಟರಿಗೆ ಎಲ್‌ಇಡಿ ಬಲ್ಬು ಜೋಡಿಸಬೇಡಿ, ಸಾಮಾನ್ಯ ಬಲ್ಬುಗಳು ಅದರಲ್ಲಿ ಮಿಟುಕುತ್ತವೆ. ದೂರವನ್ನೇ ಬಳಸಿ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗ, ಅಂದರೆ ಎರಡು ಸ್ಟಾಪ್ ಇಳಿತ. ನೆನಪಿಡಲು ಸುಲಭ ದಾರಿ, ಎಫ್ ಸಂಖ್ಯೆಗಳನ್ನೇ ಅಡಿಗಳೆಂದು ಓದುವುದು: ಬಲ್ಬು 2, 2.8, 4, 5.6, 8 ಅಡಿ ದೂರ ಹೋದಂತೆ ಒಂದೊಂದಕ್ಕೂ ಒಂದೊಂದು ಸ್ಟಾಪ್ ಇಳಿಯುತ್ತದೆ. ಬಲ್ಬಿನಂಥ ಚಿಕ್ಕ ದೀಪಕ್ಕೆ ಈ ಲೆಕ್ಕ ಪಕ್ಕಾ. ಕಿಟಕಿಯಂಥ ದೊಡ್ಡ ಮೂಲದ ಹತ್ತಿರ ಇಳಿತ ಇದಕ್ಕಿಂತ ನಿಧಾನ.

ಈಗ ಕಿಟಕಿಯ ಹೊರಗೆ 12 ವಾಟಿನ ಕೂಲ್ ಡೇಲೈಟ್ ಬಲ್ಬು ಕಟ್ಟಿ, ತಾಯಿಯ ಹಿಂಭಾಗದಿಂದ ಕೂದಲು, ಭುಜಕ್ಕೆ ಬೀಳುವಂತೆ ತಿರುಗಿಸಿ. ಮುಖದ ಬೆಳಕಿಗಿಂತ ಒಂದೆರಡು ಸ್ಟಾಪ್ ಕಡಿಮೆಯೇ ಇರಲಿ; ಎಣ್ಣೆ ಹಚ್ಚಿ ಬಾಚಿದ ಕೂದಲು ಅಷ್ಟಕ್ಕೇ ಮಿನುಗುತ್ತದೆ. ಬೆಳಕಿನ ಬಣ್ಣ ಅಳೆಯುವ ಮಾನ ಕೆಲ್ವಿನ್: ವಾರ್ಮ್ ಬಲ್ಬು 2700ರಿಂದ 3000 ಕೆಲ್ವಿನ್, ಕೂಲ್ ಡೇಲೈಟ್ 6500. ವೈಟ್ ಬ್ಯಾಲೆನ್ಸ್ ಅನ್ನು 3800ಕ್ಕೆ ಲಾಕ್ ಮಾಡಿದರೆ ಲ್ಯಾಂಪು ಬೆಚ್ಚಗೆ, ಕಿಟಕಿ ನೀಲಿಯಾಗಿ ಕಾಣುತ್ತದೆ. ಬೆಳದಿಂಗಳೆಂದು ನೋಡುಗರು ತಾವೇ ಅರ್ಥಮಾಡಿಕೊಳ್ಳುತ್ತಾರೆ.

ರಾತ್ರಿ ಎಂದ ಮಾತ್ರಕ್ಕೆ ಇಡೀ ಚಿತ್ರವನ್ನು ಅಂಡರ್ ಮಾಡಿ, ಅಂದರೆ ಎಕ್ಸ್‌ಪೋಷರ್ ಇಳಿಸಿ ಕಪ್ಪಾಗಿ, ತೆಗೆಯಬೇಡಿ. ಮುಖದ ಬೆಳಕಿನ ಭಾಗ ಸರಿಯಾದ ಎಕ್ಸ್‌ಪೋಷರಿನಲ್ಲಿರಲಿ, ಸುತ್ತಲಿನದು ಬೆಳಕಿಲ್ಲದೆ ಕಪ್ಪಾಗಿರಲಿ. ಬೇಕಿದ್ದರೆ ಎಡಿಟಿಂಗಿನಲ್ಲಿ ಅರ್ಧ ಅಥವಾ ಒಂದು ಸ್ಟಾಪ್ ಇಳಿಸಿ. ಕಪ್ಪಾಗಿ ತೆಗೆದದ್ದನ್ನು ಮೇಲೆತ್ತಿದರೆ ನೆರಳಿನ ತುಂಬ ಕಾಳುಕಾಳು ನಾಯ್ಸ್ ಏಳುತ್ತದೆ. ಲಾಗ್ ಪ್ರೊಫೈಲಿನ (ಎಡಿಟಿಂಗಿನಲ್ಲಿ ಬಣ್ಣ ಹೊಂದಿಸಲೆಂದು ಚಿತ್ರವನ್ನು ಮಂಕಾಗಿ ದಾಖಲಿಸುವ ಸೆಟ್ಟಿಂಗ್) ಮೋಹವೂ ಬೇಡ. ಬಣ್ಣದ ಹಂತಗಳು ಕಡಿಮೆ ಇರುವ 8 ಬಿಟ್ ಕ್ಯಾಮೆರಾದಲ್ಲಿ ಲಾಗ್ ತೆಗೆದು ಮಂದ ಬೆಳಕನ್ನು ಎಳೆದಾಡಿದರೆ ಗೋಡೆಗಳ ಮೇಲೆ ಬಣ್ಣದ ಮೆಟ್ಟಿಲು ಮೂಡುತ್ತವೆ.

ಹ್ಯಾಲೊಜೆನ್ ಲೈಟು ಬಾಡಿಗೆಗೆ ತಂದರೆ ಎಚ್ಚರ. 1000 ವಾಟಿನದನ್ನು 5 ಆ್ಯಂಪ್ ಪ್ಲಗ್ಗಿಗೆ ಹಾಕಬೇಡಿ, ಗೀಸರಿನ ದೊಡ್ಡ ಪ್ಲಗ್ಗೇ ಬೇಕು. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಿ ಬಳಸಿ, ಸುತ್ತಿಟ್ಟರೆ ಬಿಸಿಯಾಗಿ ಕರಗುತ್ತದೆ. ಪಂಚೆ, ಪೇಪರ್, ಥರ್ಮಾಕೋಲು ಯಾವುದೂ ಅದರ ಹತ್ತಿರ ಸುಳಿಯಬಾರದು.

ಅಂಗಳ: ನಡುಮಧ್ಯಾಹ್ನದ ಬಿಸಿಲು

ಬೆಂಗಳೂರಿನಲ್ಲಿ ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಆಸುಪಾಸು ನಡುಹಗಲಿಗೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಆ ತಿಂಗಳುಗಳಲ್ಲಿ ಮಧ್ಯಾಹ್ನ ಮುಖ ತೆಗೆದರೆ ಕಣ್ಣಿನ ಗುಳಿಗಳೆರಡೂ ಕಪ್ಪು, ಮೂಗಿನ ಕೆಳಗೆ ನೆರಳಿನ ಮೀಸೆ. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ ತೆಗೆಯಿರಿ. ಮಧ್ಯಾಹ್ನವೇ ಆಗಬೇಕೆಂದರೆ ನಟರನ್ನು ಜಗಲಿಯ ನೆರಳಿಗೆ, ಆದರೆ ಅದರ ಅಂಚಿಗೆ ತನ್ನಿ; ಅಂಗಳದ ನೆಲಕ್ಕೆ ಬಿದ್ದ ಬಿಸಿಲು ಕೆಳಗಿನಿಂದ ಚಿಮ್ಮಿ ಕಣ್ಣು ತುಂಬುತ್ತದೆ. ಅದೂ ಆಗದಿದ್ದರೆ ತಲೆಯ ಮೇಲೆ ನಾಲ್ಕು ಬಿದಿರಿಗೆ ಪಂಚೆ ಬಿಗಿಯಾಗಿ ಕಟ್ಟಿ. ಮರದಡಿಯ ಚುಕ್ಕಿಚುಕ್ಕಿ ಬಿಸಿಲು ಕಣ್ಣಿಗೆ ಚಂದ, ಮುಖದ ಮೇಲೆ ಮಾತ್ರ ಬೇಡ. ಹಣೆಯ ಮೇಲಿನ ಒಂದು ಚುಕ್ಕಿ ಸುಟ್ಟು ಉಳಿದ ಮುಖ ಕಪ್ಪಾಗುತ್ತದೆ.

ಎನ್‌ಡಿ ಲೆಕ್ಕ ಹೀಗೆ. ಪೂರ್ಣ ಬಿಸಿಲಿನಲ್ಲಿ ಎಫ್ 16 ಇಟ್ಟರೆ ಶಟರ್ ಐಎಸ್‌ಒವಿನ ಹಿಮ್ಮುಖ, ಅಂದರೆ ಐಎಸ್‌ಒ 100ಕ್ಕೆ 1/100. ನಮ್ಮ ಶಟರ್ 1/50, ಆದ್ದರಿಂದ ಎಫ್ 22. ಹಿನ್ನೆಲೆ ಮಸುಕಾಗಲು ಎಫ್ 2.8 ಬೇಕೆಂದರೆ 22ರಿಂದ 2.8ಕ್ಕೆ ಆರು ಸ್ಟಾಪ್. ಆರು ಸ್ಟಾಪ್ ತಡೆಯುವುದು ಎನ್‌ಡಿ 64. ಎನ್‌ಡಿ 8 ತಡೆಯುವುದು ಮೂರೇ ಸ್ಟಾಪ್. ಫೋನಿನ ಲೆನ್ಸ್ ಎಫ್ 1.8, ಐಎಸ್‌ಒ 50 ಎಂದರೂ ಆರು ಚಿಲ್ಲರೆ ಸ್ಟಾಪ್ ಬೇಕು. ಎನ್‌ಡಿ ಇಲ್ಲದಿದ್ದರೆ ಫೋನು ಶಟರನ್ನು 1/4000ದ ಹತ್ತಿರಕ್ಕೆ ಏರಿಸುತ್ತದೆ, ನಡೆಯುವವರ ಕೈಕಾಲು ಕತ್ತರಿಸಿದಂತೆ ಜರ್ಕು ಹೊಡೆಯುತ್ತವೆ. ತಿರುಗಿಸುವ ವೇರಿಯಬಲ್ ಎನ್‌ಡಿ ಅನುಕೂಲ, ಆದರೆ ಪೂರ್ತಿ ಕೊನೆಗೆ ತಿರುಗಿಸಿದರೆ ಚಿತ್ರದ ಮೇಲೆ ಗುಣಾಕಾರ ಚಿಹ್ನೆಯಂಥ ಕಪ್ಪು ನೆರಳು ಬರುತ್ತದೆ. ಕೊನೆಗಿಂತ ಸ್ವಲ್ಪ ಮೊದಲೇ ನಿಲ್ಲಿಸಿ.

ಮಳೆಗಾಲದ ಮೋಡ ದೊಡ್ಡ ಪಂಚೆಯ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ, ಆದರೆ ಮುಖ ಚಪ್ಪಟೆ. ಕರಿ ಕಂಬಳಿಯನ್ನು ಒಂದು ಬದಿಗೆ ಹಿಡಿಸಿದರೆ ಆಕಾರ ವಾಪಸ್. ಬಿಸಿಲು ಮೋಡ ಕಣ್ಣಾಮುಚ್ಚಾಲೆ ಆಡುವ ದಿನ ಒಂದು ಸಂಭಾಷಣೆಯನ್ನು ಅರ್ಧ ಬಿಸಿಲಲ್ಲಿ, ಅರ್ಧ ಮೋಡದಲ್ಲಿ ತೆಗೆಯಬೇಡಿ. ಕಾಯಿರಿ.

ಆಗಾಗ ಕೆಡುವುದು

ಗೋಡೆಯ ಮೇಲೆ ಕಪ್ಪು ನೆರಳು ಕುಣಿಯುತ್ತಿದ್ದರೆ ನಟರು ಗೋಡೆಗೆ ತೀರಾ ಹತ್ತಿರ ಇದ್ದಾರೆ, ಮುಂದೆ ತನ್ನಿ. ಬಲ್ಬಿನ ಕೆಳಗೆ ಫ್ಯಾನ್ ತಿರುಗುತ್ತಿದ್ದರೆ ರೆಕ್ಕೆಗಳು ಬೆಳಕನ್ನು ಕತ್ತರಿಸಿ ಇಡೀ ಕೋಣೆ ಮಿಟುಕುತ್ತದೆ. ಶಟರ್ ಎಷ್ಟು ಬದಲಿಸಿದರೂ ಹೋಗದ ಮಿಟುಕು ಕಂಡರೆ ಮೊದಲು ತಲೆಯೆತ್ತಿ ನೋಡಿ. ಫ್ಯಾನ್ ನಿಲ್ಲಿಸಿದರೆ ಧ್ವನಿಗೂ ಒಳ್ಳೆಯದು. ಕನ್ನಡಕದಲ್ಲಿ ಬಲ್ಬು ಹೊಳೆದರೆ ಬಲ್ಬನ್ನು ಇನ್ನೊಂದಡಿ ಮೇಲೇರಿಸಿ, ಅಥವಾ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ತುಸು ಎತ್ತಿ ಗಾಜು ಕೆಳಮುಖವಾಗುವಂತೆ ಮಾಡಿ. ಮುಖ ಹಸಿರಾಗಿದ್ದರೆ ಎಲ್ಲೋ ಒಂದು ಬೇರೆ ಬಲ್ಬು ಉರಿಯುತ್ತಿದೆ, ಪಕ್ಕದ ಕೋಣೆ ನೋಡಿ. ಹಸಿರು ಬಣ್ಣದ ಗೋಡೆಯೂ ಇದೇ ಕೆಲಸ ಮಾಡುತ್ತದೆ. ಮುಖಕ್ಕೆ ಎದುರಿರುವ ಭಾಗಕ್ಕೆ ಪಂಚೆಯನ್ನೋ ಕಂಬಳಿಯನ್ನೋ ಹೊದಿಸಿ.

ದೃಶ್ಯ ಮರುದಿನಕ್ಕೂ ಮುಂದುವರಿಯುವುದಿದ್ದರೆ ಲೈಟು ಬಿಚ್ಚುವ ಮೊದಲು ಒಂದು ಹಾಳೆಯಲ್ಲಿ ಕೋಣೆಯ ನಕ್ಷೆ ಬರೆಯಿರಿ. ಯಾವ ಬಲ್ಬು, ಮುಖದಿಂದ ಎಷ್ಟು ಅಡಿ, ನೆಲದಿಂದ ಎಷ್ಟು ಎತ್ತರ, ಮುಂದೆ ಎಷ್ಟು ಪದರ ಪೇಪರ್, ಥರ್ಮಾಕೋಲ್ ಎಲ್ಲಿ, ಕಂಬಳಿ ಎಲ್ಲಿ. ಅದರ ಕೆಳಗೆ ಅಪರ್ಚರ್, ಐಎಸ್‌ಒ, ಕೆಲ್ವಿನ್, ಎನ್‌ಡಿ, ಮತ್ತು ಹಗಲಾದರೆ ಗಡಿಯಾರದ ಹೊತ್ತು. ಮೇಜಿನ, ಕುರ್ಚಿಯ ಕಾಲುಗಳ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿ, ಎಲ್ಲವೂ ಇದ್ದಂತೆಯೇ ಕೋಣೆಯ ನಾಲ್ಕು ಮೂಲೆಗಳಿಂದ ಫೋನಿನಲ್ಲಿ ಫೋಟೊ ತೆಗೆದಿಡಿ. ಬೆಳಿಗ್ಗೆ ಮನೆಯವರು ನೆಲ ಒರೆಸುವ ಮೊದಲು ಆ ಗುರುತುಗಳ ವಿಷಯ ಅವರಿಗೂ ತಿಳಿಸಿರಿ.